ಗೂಡಿನೊಳಗೆ ಒಂದು ಪುಟ

ಏಳು ಸಮುದ್ರ ದಾಟಿದರೆ ಸಿಗುವ ಊರೇನೂ ಅಲ್ಲ, ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆದು ಎದ್ದರೆ ಸಿಗುವ ಊರು. ಆ ಊರಿನಲ್ಲಿ ಒಂದು ಗೋಡೆ ಇತ್ತು. ಗೋಡೆಯ ಈಚೆಗೆ ಚರ್ಚು, ಆಚೆಗೆ ಸರ್ಕಾರಿ ಶಾಲೆ. ಚರ್ಚಿನಲ್ಲಿ ಮುನ್ನೂರು ಜನ ಕೂರುವಷ್ಟು ಬೆಂಚುಗಳಿದ್ದವು, ಕೂರಲು ಅರವತ್ತು ಜನ ಬರುತ್ತಿದ್ದರು. ಶಾಲೆಯಲ್ಲಿ ಮುನ್ನೂರು ಮಕ್ಕಳಿದ್ದರು, ಅರವತ್ತು ಮಕ್ಕಳಿಗಾಗುವಷ್ಟು ಬೆಂಚುಗಳಿದ್ದವು. ಇದು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ನಡುವೆ ಗೋಡೆ ಇತ್ತು.

ನಲವತ್ತೊಂದನೇ ವರ್ಷ ಹೊಸದಾಗಿ ಬಂದ ಫಾದರ್ ಗೋಡೆಗೆ ಒಂದು ಬಾಗಿಲು ಇಡಿಸಿದರು. ಚಿಲಕ ಯಾವ ಕಡೆ ಇರಬೇಕು ಎಂದು ಎರಡು ಸಭೆಗಳು ನಡೆದು, ಕೊನೆಗೆ ಎರಡೂ ಕಡೆ ಇರಲಿ ಎಂದಾಯಿತು. ಹೀಗಾಗಿ ಎರಡೂ ಕಡೆಯವರಿಗೆ ಒಂದೇ ಹೊತ್ತಿಗೆ ಮನಸ್ಸು ಬಂದರೆ ಮಾತ್ರ ಅದು ತೆರೆಯುತ್ತಿತ್ತು. ಇಂಥ ಬಾಗಿಲನ್ನು ಕಥೆಯಲ್ಲಷ್ಟೇ ಕೇಳಿದ್ದೆ ಎಂದು ಶಾಲೆಯ ಹೆಡ್ ಮೇಡಂ ಹೇಳಿದರು. ಅದು ಹೊಗಳಿಕೆಯಾಗಿರಲಿಲ್ಲ.

ಆ ಚರ್ಚಿನಲ್ಲಿ ಆರ್ಗನ್ ನುಡಿಸುವ ಹೆಂಗಸೊಬ್ಬಳಿದ್ದಳು. ಅವಳ ಅಣ್ಣನ ಮಕ್ಕಳು ಅವಳನ್ನು ಆರ್ಗನ್ ಅತ್ತೆ ಎಂದು ಕರೆದದ್ದನ್ನು ಬೀದಿಯವರು ಕೇಳಿಸಿಕೊಂಡರು. ಅಂದಿನಿಂದ ಫಾದರ್ ಕೂಡ ಅವಳನ್ನು ಅತ್ತೆ ಅನ್ನತೊಡಗಿದರು. ಮೂವತ್ತೆರಡು ವರ್ಷ ಅವಳು ಜನರಿಗೆ ಬೆನ್ನು ಹಾಕಿ ಕೂತೇ ನುಡಿಸಿದ್ದಳು. ಆರ್ಗನ್ನಿನ ಮೇಲೆ ಅಂಗೈ ಅಗಲದ ಒಂದು ಕನ್ನಡಿ ತೂಗುಹಾಕಿತ್ತು, ಫಾದರ್ ಯಾವಾಗ ಏಳುತ್ತಾರೆಂದು ನೋಡುವುದಕ್ಕೆ. ಉಳಿದದ್ದೆಲ್ಲ ಅವಳಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ಯಾರು ಹೊಸ ಹಲ್ಲು ಕಟ್ಟಿಸಿಕೊಂಡರು, ಯಾವ ಗಂಡಹೆಂಡತಿ ಮಾತು ಬಿಟ್ಟು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದಾರೆ, ಯಾರಿಗೆ ನೆಗಡಿ, ಎಲ್ಲ.

ಇನ್ನೊಂದು ಸಂಗತಿಯೂ ಅವಳಿಗೆ ತಿಳಿದಿತ್ತು. ಪುಸ್ತಕ ನೋಡಿ ಹಾಡುವವರ ಬಾಯಿ ಪುಸ್ತಕದ ಜೊತೆ ಹೊರಡುತ್ತದೆ. ಪಕ್ಕದವರನ್ನು ಕೇಳಿಕೊಂಡು ಹಾಡುವವರ ಬಾಯಿ ಪಕ್ಕದವರ ಹಿಂದೆ ಹೊರಡುತ್ತದೆ, ಅರ್ಧ ಮಾತ್ರೆ ತಡವಾಗಿ. ಹಳೆಯ ಹಾಡುಗಳಲ್ಲಿ ಇದು ಗೊತ್ತಾಗುವುದಿಲ್ಲ, ಎಲ್ಲರಿಗೂ ಬಾಯಿಪಾಠ. ಹೊಸ ಹಾಡು ಹಿಡಿದ ಭಾನುವಾರ ಮಾತ್ರ ಗೊತ್ತಾಗುತ್ತದೆ. ಇಡೀ ಚರ್ಚಿನಲ್ಲಿ ಹಾಗೆ ತಡವಾಗುತ್ತಿದ್ದ ಗಂಟಲು ಒಂದೇ ಒಂದು. ಮುಂದಿನ ಬೆಂಚಿನಲ್ಲಿ ಪುಸ್ತಕ ಬಿಡಿಸಿಕೊಂಡು, ಹಾಳೆ ಸರಿಯಾದ ಹೊತ್ತಿಗೆ ಮಗುಚುತ್ತ ನಿಲ್ಲುವ ಚರ್ಚ್ ಸಮಿತಿಯ ಅಧ್ಯಕ್ಷರದು. ಅವರು ಅವಳ ಸ್ವಂತ ಅಣ್ಣ.

ಊರಿಗೆಲ್ಲ ಅವರು ದೊಡ್ಡಣ್ಣ. ಮರದ ಡಿಪೋ ಇಟ್ಟಿದ್ದರು. ನಿಂತ ಮರ ನೋಡಿ ಅದರಿಂದ ಎಷ್ಟು ಹಲಗೆ ಬರುತ್ತದೆ ಎಂದು ಹೇಳುತ್ತಿದ್ದರು, ಹೇಳಿದಷ್ಟೇ ಬರುತ್ತಿತ್ತು. ಕಾಗದಪತ್ರ ಯಾವುದಾದರೂ ಕೈಗೆ ಬಂದರೆ ಜೇಬು ತಡಕಿ, "ಥತ್, ಕನ್ನಡಕ ಮರೆತೆ, ಸ್ವಲ್ಪ ಓದಿ ಹೇಳಪ್ಪ" ಅನ್ನುತ್ತಿದ್ದರು. ಅವರಿಗೆ ಕನ್ನಡಕವೇ ಇರಲಿಲ್ಲ. ಅವರು ಸಣ್ಣವರಿದ್ದಾಗ ಮನೆಗೊಂದು ಮಗುವನ್ನಷ್ಟೇ ಬಿಟ್ಟಿಯಾಗಿ ಸೇರಿಸಿಕೊಳ್ಳುವ ಶಾಲೆ ಇತ್ತು. ಅಪ್ಪ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ನೋಡಿದ್ದ. ಮಗ ಕೆಲಸಕ್ಕೆ ಬರುವವನು. ಮಗಳು ಕೆಲಸಕ್ಕೆ ಬಾರದವಳು. ಆದ್ದರಿಂದ ಮಗಳು ಓದಿದಳು.

ಬಾಗಿಲಿಟ್ಟ ವರ್ಷ, ಶಾಲೆಗೆ ಏನು ಮಾಡೋಣ ಎಂದು ಸಮಿತಿ ಸೇರಿತು. ಸುಣ್ಣ ಹೊಡೆಸೋಣ ಎಂದರು ಒಬ್ಬರು. ನಲ್ಲಿ ಹಾಕಿಸೋಣ ಎಂದರು ಇನ್ನೊಬ್ಬರು. ದೊಡ್ಡಣ್ಣ ಮೇಜು ಗುದ್ದಿದರು.

"ಓದೋದು ಕಲಿಸೋಣ."

ಎಲ್ಲರೂ ಅವರನ್ನೇ ನೋಡಿದರು. ಆರ್ಗನ್ ಅತ್ತೆ ಮಾತ್ರ ಕೈಯಲ್ಲಿದ್ದ ಚಹಾ ಲೋಟದೊಳಕ್ಕೆ ನೋಡಿದಳು.

"ಐದನೇ ಕ್ಲಾಸಲ್ಲಿ ಹನ್ನೊಂದು ಮಕ್ಕಳಿಗೆ ಓದೋಕೆ ಬರಲ್ವಂತೆ. ಪರೀಕ್ಷೆ ಹೊತ್ತಿಗೆ ಹನ್ನೊಂದೂ ಓದ್ತವೆ. ನಾನು ಹೇಳ್ತಿದೀನಿ" ಎಂದರು ದೊಡ್ಡಣ್ಣ. ಭಾನುವಾರ ಎಲ್ಲರೆದುರು ಅದನ್ನೇ ಮತ್ತೊಮ್ಮೆ ಹೇಳಿದರು. ಚಪ್ಪಾಳೆ ಬಿತ್ತು.

ಪರೀಕ್ಷೆ ಎಂದರೆ ಇಷ್ಟೇ. ದೊಡ್ಡ ಶಾಲೆಗೆ ಸೇರಬೇಕಾದರೆ ಐದನೇ ಕ್ಲಾಸಿನ ಮಗು ಪರೀಕ್ಷಕರ ಮುಂದೆ, ತಾನು ಹಿಂದೆಂದೂ ಕಾಣದ ಒಂದು ಪುಟವನ್ನು ಒಂಟಿಯಾಗಿ ಓದಬೇಕು. ಓದದಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ. ಮೇಲಿನ ಬೀದಿಯ ಖಾಸಗಿ ಶಾಲೆಯಲ್ಲಿ ಈ ಪರೀಕ್ಷೆ ಇರಲಿಲ್ಲ. ಅಲ್ಲಿಯ ಮಕ್ಕಳು ಓದುತ್ತಾರೆ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿದ್ದರು.

ದಿನಾ ಮಧ್ಯಾಹ್ನ ಮೂರಕ್ಕೆ ಎರಡೂ ಚಿಲಕಗಳು ಸರಿದವು, ಹನ್ನೊಂದು ಮಕ್ಕಳು ಈಚೆಗೆ ಬಂದವು. ಚರ್ಚಿನವರು ತಮಗೆ ಗೊತ್ತಿದ್ದ ರೀತಿಯಲ್ಲೇ ಕಲಿಸಿದರು. ಅಂದರೆ ಎಲ್ಲರೂ ಎದ್ದು ನಿಂತು, ಪುಸ್ತಕ ಬಿಡಿಸಿ, ಒಟ್ಟಿಗೆ, ಗಟ್ಟಿಯಾಗಿ. ನೂರು ವರ್ಷದಿಂದ ಅವರು ಹಾಗೇ ಓದಿಕೊಂಡು ಬಂದಿದ್ದರು, ಯಾರಿಗೂ ಏನೂ ಕಷ್ಟವಾಗಿರಲಿಲ್ಲ. ಎರಡು ತಿಂಗಳಲ್ಲಿ ಮಕ್ಕಳ ಓದು ಕಿವಿಗೆ ಎಷ್ಟು ಇಂಪಾಯಿತೆಂದರೆ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. "ಮೋಡ ತಣ್ಣಗಾಗಿ ಮಳೆ ಸುರಿಯುತ್ತದೆ" ಎಂಬಲ್ಲಿ ಸ್ವರ ಇಳಿಸಿ, ಅರೆಗಳಿಗೆ ತಡೆದು, "ಆಮೆನ್" ಅನ್ನುತ್ತಿದ್ದವು.

ಹೆಡ್ ಮೇಡಂ ಬಾಗಿಲಲ್ಲಿ ನಿಂತು, "ನೀರಿನ ಪಾಠಕ್ಕೆ ಆಮೆನ್ ಬೇಡ ಫಾದರ್" ಎಂದರು.

"ನಾವು ಹೇಳಿಕೊಟ್ಟಿಲ್ಲ ಮೇಡಂ."

"ಹೇಳಿಕೊಡದೇ ಇದ್ದದ್ದು ಒಂದಾದ್ರೂ ಬಂತಲ್ಲ" ಎಂದು ಅವರು ಹೋದರು.

ಹನ್ನೊಂದರಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಒಂದು ಹುಡುಗಿಯದು. ಮಕ್ಕಳು ಅವಳನ್ನು ಜೀರುಂಡೆ ಎನ್ನುತ್ತಿದ್ದವು. ಎರಡು ಸಲ ಅದೇ ಕ್ಲಾಸಿನಲ್ಲಿ ಕೂತವಳಾದ್ದರಿಂದ ಉಳಿದವರಿಗಿಂತ ಒಂದು ಗೇಣು ಉದ್ದವಿದ್ದಳು. ಅವಳ ಓದು ಕೇಳಿದವರು ಇವಳನ್ನು ಯಾಕಪ್ಪ ಕೂರಿಸಿದರು ಎಂದು ಆಶ್ಚರ್ಯಪಡುತ್ತಿದ್ದರು. ಆರ್ಗನ್ ಅತ್ತೆಗೆ ಆಶ್ಚರ್ಯವಾಗಲಿಲ್ಲ. ಆ ದೊಡ್ಡ ದನಿ ಅರ್ಧ ಮಾತ್ರೆ ತಡವಾಗಿ ಹೊರಡುತ್ತಿತ್ತು. ಇನ್ನಷ್ಟು ಕಿವಿಗೊಟ್ಟರೆ ಹತ್ತು ದನಿಗಳೂ ತಡವೇ. ಮುಂದೆ ಇದ್ದದ್ದು ಒಂದೇ, ದರ್ಜಿಯ ಮಗಳದು. ಅವಳಿಗೆ ಮೊದಲಿನಿಂದಲೂ ಓದಲು ಬರುತ್ತಿತ್ತು. ಪಟ್ಟಿ ಮಾಡಿದ ದಿನ ಶಾಲೆಗೆ ಬಾರದ್ದರಿಂದ ಅವಳ ಹೆಸರು ಓದಲು ಬಾರದವರ ಸಾಲಿಗೆ ಬಿದ್ದಿತ್ತು. ಅವಳು ಪುಸ್ತಕ ಓದುತ್ತಿದ್ದಳು. ಉಳಿದ ಹತ್ತು ಮಂದಿ ಅವಳನ್ನು ಓದುತ್ತಿದ್ದರು.

ಒಂದು ಮಂಗಳವಾರ ದರ್ಜಿಯ ಮಗಳಿಗೆ ಕೆನ್ನೆ ಊದಿಕೊಂಡು ಬರಲಿಲ್ಲ. ಹತ್ತು ಮಕ್ಕಳು ಎದ್ದು ನಿಂತು ಪುಸ್ತಕ ಬಿಡಿಸಿದವು. ಅಂದು ಒಂಟೆಯ ಪಾಠ.

"ಹೂಂ, ಓದಿ" ಎಂದರು ದೊಡ್ಡಣ್ಣ.

ಯಾರೂ ಓದಲಿಲ್ಲ. ಮಕ್ಕಳು ಯಾರಾದರೂ ಶುರುಮಾಡಲಿ ಎಂದು ಕಾದವು. ಕಲಿಸಲು ಬಂದ ಆರೇಳು ಹಿರಿಯರೂ ಅದೇ ಅಭ್ಯಾಸದವರು, ಅವರೂ ಕಾದರು. ಚರ್ಚಿನಲ್ಲಿ ಇಷ್ಟು ಭಕ್ತಿಯ ಮೌನ ಬಹಳ ದಿನಗಳಿಂದ ಆಗಿರಲಿಲ್ಲ. ಕೊನೆಗೆ ಜೀರುಂಡೆಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, ಎದೆ ತುಂಬ ಉಸಿರು ತೆಗೆದುಕೊಂಡು, "ನೀರು ಬಿಸಿಲಿಗೆ ಆವಿಯಾಗಿ ಮೇಲೇರುತ್ತದೆ" ಎಂದು ಹೊರಟಳು. ಉಳಿದ ಒಂಬತ್ತೂ ಹಿಂದೆ ಬಿದ್ದವು. ಬಿಡಿಸಿದ ಪುಸ್ತಕಗಳಲ್ಲಿ ಹತ್ತು ಒಂಟೆಗಳು ನಿಂತೇ ಇದ್ದವು, ಮೇಲೆ ಮಳೆ ಸುರಿಯುತ್ತಿತ್ತು. ಹಿರಿಯರು ತಲೆದೂಗಿದರು. ಆರ್ಗನ್ ಮುಂದೆ ಕೂತಿದ್ದ ಅತ್ತೆ ಕನ್ನಡಿಯಲ್ಲಿ ಒಂಟೆಗಳನ್ನೂ ನೋಡಿದಳು, ಅಣ್ಣನ ಮುಖವನ್ನೂ ನೋಡಿದಳು. ಅಣ್ಣನ ಮುಖದಲ್ಲಿ ಸಂತೋಷವಿತ್ತು.

ಆ ವಾರವೇ ಮೇಲಿನ ಆಫೀಸಿಗೆ ವರದಿ ಹೋಯಿತು. ಹನ್ನೊಂದಕ್ಕೆ ಹನ್ನೊಂದು ಮಕ್ಕಳೂ ಸರಾಗವಾಗಿ ಓದುತ್ತಿದ್ದಾರೆ ಎಂದು ದೊಡ್ಡಣ್ಣ ಹೇಳಿದರು, ಫಾದರ್ ಬರೆದುಕೊಂಡರು, ಕನ್ನಡಕ ಮರೆತಿದ್ದರಿಂದ ದೊಡ್ಡಣ್ಣ ಓದಿ ನೋಡದೆ ರುಜು ಹಾಕಿದರು. ರುಜು ಚೆನ್ನಾಗಿತ್ತು. ಅದೊಂದನ್ನು ಅವರು ಬಹಳ ವರ್ಷ ಅಭ್ಯಾಸ ಮಾಡಿದ್ದರು.

ಮಾರನೆಯ ದಿನ ಆರ್ಗನ್ನಿನ ಧೂಳು ಒರೆಸುತ್ತಿದ್ದ ಅತ್ತೆಯನ್ನು ಹುಡುಕಿಕೊಂಡು ಜೀರುಂಡೆಯ ತಾಯಿ ಬಂದಳು. ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಬೆರಳುಗಳು ನೀರಲ್ಲಿ ನೆಂದು ಬಿಳಿಚಿಕೊಂಡು ಸುಕ್ಕಾಗಿದ್ದವು.

"ನಿಮ್ಮಲ್ಲಿ ಮಗೂಗೆ ಓದೋಕೆ ಬಂತು ಅಂತ ಎಲ್ಲಾ ಹೇಳ್ತಿದಾರಲ್ಲಮ್ಮ."

"ಹೇಳ್ತಿದಾರೆ" ಎಂದಳು ಅತ್ತೆ.

"ಹೋದ ವಾರ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರು. ಓದೇ ಅಂದೆ. ನೆಟ್ಟಗೆ ನಿಂತ್ಕೊಂಡು, 'ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ' ಅಂತ ಓದಿದ್ಲು. ಎಷ್ಟು ಚೆನ್ನಾಗಿ ಓದಿದ್ಲು ಅಂತೀರಾ, ನಂಗೆ ಅಳೂನೇ ಬಂತು. ಆಮೇಲೆ ನೋಡಿದ್ರೆ ಅದು ಮೂರು ದಿನ ನಲ್ಲಿ ನೀರು ಬರಲ್ಲ ಅನ್ನೋ ಚೀಟಿ. ಮೂರು ದಿನ ಒಂದು ಬಿಂದಿಗೆ ನೀರಿಲ್ದೆ ಕೂತ್ವಿ, ಎಲ್ಲರೂ ಕ್ಷೇಮ ಅಂದ್ಕೊಂಡು."

ಅತ್ತೆ ಧೂಳಿನ ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು.

"ನಾನು ಜಗಳಕ್ಕೆ ಬಂದಿಲ್ಲಮ್ಮ" ಎಂದಳು ತಾಯಿ. "ಎರಡು ಸಲ ಕೂರಿಸಿದಾರೆ. ಈ ಸಲಾನೂ ಕೂರಿಸಿದ್ರೆ ನನ್ನ ಜೊತೆ ಲಾಂಡ್ರಿಗೆ ಕರ್ಕೊಂಡು ಹೋಗ್ತೀನಿ. ಒಳ್ಳೆ ಎತ್ತರ ಇದಾಳೆ, ತಂತಿಗೆ ಬಟ್ಟೆ ಹರವೋಕೆ ಆಗ್ತಾಳೆ. ನಿಮ್ಮವರೂ ಸುಮ್ನೆ ಯಾಕೆ ಕಷ್ಟಪಡ್ಬೇಕು, ಅದನ್ನ ಹೇಳೋಣ ಅಂತ ಬಂದೆ."

ಒಳ್ಳೆ ಎತ್ತರ ಇದ್ದಾಳೆ. ಕೆಲಸಕ್ಕೆ ಬರುತ್ತಾಳೆ. ಅತ್ತೆ ಯಾವತ್ತೂ ಯೋಚಿಸದೆ ಮಾತಾಡಿದವಳಲ್ಲ, ಅವತ್ತು ಮಾತಾಡಿದಳು.

"ಪರೀಕ್ಷೆ ದಿನ ನಿಮ್ಮ ಮಗಳು ಗೊತ್ತಿಲ್ಲದ ಪುಟ ಒಂದನ್ನ ಒಬ್ಬಳೇ ಓದ್ತಾಳೆ. ನಾನು ಓದಿಸ್ತೀನಿ. ಇದು ಸಮಿತಿಯ ಮಾತಲ್ಲ, ನನ್ನ ಮಾತು."

ತಾಯಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಎಷ್ಟು ದಿನ ಇದೆ?" ಎಂದಳು.

"ಒಂಬತ್ತು ವಾರ."

"ನೋಡೋಣ" ಎಂದು ತಾಯಿ ಹೊರಟುಹೋದಳು. ಕೆಲಸಕ್ಕೆ ಹೊತ್ತಾಗಿತ್ತು.

ಶನಿವಾರದ ಸಮಿತಿಯಲ್ಲಿ ಅತ್ತೆ ಎದ್ದು ನಿಂತಳು. ಮೂವತ್ತೆರಡು ವರ್ಷದಲ್ಲಿ ಅವಳು ಆ ಸಭೆಯಲ್ಲಿ ಹಾಡಿನ ಪುಸ್ತಕದ ಹಾಳೆ ಕಿತ್ತುಹೋಗಿದೆ ಎಂಬುದೊಂದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ.

"ಮಕ್ಕಳಿಗೆ ಓದೋಕೆ ಬರಲ್ಲ. ಒಬ್ಬಳಿಗೆ ಬರತ್ತೆ, ಹತ್ತು ಮಂದಿ ಅವಳ ಹಿಂದೆ ಹೇಳ್ತಿದಾರೆ. ಒಬ್ಬೊಬ್ಬರನ್ನೇ ಓದಿಸಬೇಕು."

"ಏನು ಮಾತು ಅಂತ ಆಡ್ತೀಯಾ?" ಎಂದರು ದೊಡ್ಡಣ್ಣ. "ನಾನೇ ಕಿವಿಯಾರೆ ಕೇಳಿದೀನಿ."

"ಕಿವಿಯಾರೆ ಕೇಳಿದ್ದಕ್ಕೇ ಹೇಳ್ತಿದೀನಿ."

"ವರದಿ ಹೋಗಿಬಿಟ್ಟಿದೆ ಕಣೆ!"

ಫಾದರ್ ಒಳ್ಳೆಯ ಮನುಷ್ಯರು, ಜಗಳ ಬೆಳೆಸಲು ಬಿಡುವವರಲ್ಲ. "ಅದಕ್ಯಾಕೆ ಮಾತು? ಆಚೆಯಿಂದ ಒಂದು ಮಗೂನ ಕರೀರಿ. ಆ ದೊಡ್ಡ ದನಿ ಹುಡುಗಿ ಇದಾಳಲ್ಲ, ಅವಳನ್ನೇ ಕರೀರಿ. ಇಲ್ಲೇ ನಮ್ಮೆದುರು ನಿಂತು ಒಂದು ಪುಟ ಓದ್ಲಿ. ಗೊತ್ತಾಗತ್ತಲ್ಲ."

"ಬೇಡ!"

ದೊಡ್ಡಣ್ಣ ಎದ್ದು ನಿಂತಿದ್ದರು. ಕುರ್ಚಿ ಹಿಂದಕ್ಕೆ ಬಿದ್ದಿತ್ತು. "ಬೇಡ ಫಾದರ್. ಎಲ್ಲರೆದುರು ಮಗೂನ ನಿಲ್ಲಿಸಿ, ಕೈಗೆ ಪುಸ್ತಕ ಕೊಟ್ಟು... ಬರದೇ ಇದ್ರೆ? ಹಿಂಗೆ ಒಂಬತ್ತು ಜನ ಕೂತು ಮುಖ ನೋಡ್ತಿದ್ರೆ ಆ ಮಗು ಎಲ್ಲಿಗೆ ಹೋಗ್ಬೇಕು? ಬೇಕಾದ್ರೆ ಓದು ಅನ್ನೋದೇ ಬೇಡ, ಇದನ್ನ ಮಾತ್ರ ಮಾಡ್ಬೇಡಿ."

ಮರದ ವ್ಯಾಪಾರಿಗೆ ಮಕ್ಕಳ ಮೇಲೆ ಇಷ್ಟು ಅಂತಃಕರಣವೇ ಎಂದು ಕೆಲವರಿಗೆ ಮನಸ್ಸು ಕರಗಿತು. ಅತ್ತೆಗೆ ಅಣ್ಣನ ಕೈ ಕಂಡಿತು. ಅದು ಇಲ್ಲದ ಕನ್ನಡಕಕ್ಕಾಗಿ ಜೇಬು ತಡಕುತ್ತಿತ್ತು.

"ಅಣ್ಣ ಹೇಳೋದು ಸರಿ" ಎಂದಳು ಅತ್ತೆ. "ಯಾರೂ ನೋಡಬಾರದು. ಯಾರೂ ನೋಡದ ಜಾಗ ನಮ್ಮಲ್ಲಿ ಒಂದಿದೆಯಲ್ಲ."

ಅವಳು ತೋರಿಸಿದ ಕಡೆ ಎಲ್ಲರೂ ತಿರುಗಿದರು. ಗೋಡೆಗೆ ಒರಗಿ ಪಾಪನಿವೇದನೆಯ ಗೂಡು ನಿಂತಿತ್ತು. ಮರದ್ದು, ಬೀರುವಿನಂಥದ್ದು, ನಡುವೆ ಜಾಲರಿ. ಈ ಕಡೆ ಫಾದರ್ ಕೂರುತ್ತಾರೆ, ಆ ಕಡೆ ಪರದೆಯ ಹಿಂದೆ ಜನ ಮೊಣಕಾಲೂರಿ ತಪ್ಪು ಹೇಳಿಕೊಳ್ಳುತ್ತಾರೆ. ಒಬ್ಬರಿಗೆ ಮಾತ್ರ ಜಾಗ.

ಫಾದರ್ ಎದ್ದು ಹೋಗಿ ಗೂಡಿನ ಪರದೆ ಸರಿಸಿ ನೋಡಿದರು. "ಸೋಮವಾರದಿಂದ ಶುಕ್ರವಾರ ತಗೊಳ್ಳಿ. ಶನಿವಾರ ನನಗೆ ಬೇಕು. ಅತ್ತೆ, ನೀವು ನನ್ನ ಜಾಗದಲ್ಲಿ ಕೂರಬಹುದು. ತಿದ್ದಬಹುದು. ಕ್ಷಮಿಸೋ ಹಾಗಿಲ್ಲ."

ಗೂಡಿಗೆ ಒಂದು ಸಣ್ಣ ಬಲ್ಬು ಬೇಕಾಯಿತು, ಪುಸ್ತಕ ಇಡಲು ಒಂದು ಹಲಗೆ ಬೇಕಾಯಿತು. ಹಲಗೆ ಕೂರಿಸಲು ದೊಡ್ಡಣ್ಣ ಆಳನ್ನು ಕಳಿಸದೆ ತಾವೇ ಬಂದರು. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಮೊಣಕಾಲೂರುವ ಜಾಗದಲ್ಲಿ ಕೂತು ಅಳತೆ ನೋಡಿದರು.

"ಈ ಜಾಲರಿಯಿಂದ ಆ ಕಡೆ ಇರೋರಿಗೆ ಈ ಕಡೆ ಯಾರಿದಾರೆ ಅಂತ ಕಾಣತ್ತಾ?"

"ಕಾಣಬಾರದು ಅನ್ನೋದು ನಿಯಮ" ಎಂದಳು ಅತ್ತೆ.

"ದನಿ ಗೊತ್ತಾಗತ್ತಲ್ಲ."

"ಗೊತ್ತಾದ್ರೂ ಗೊತ್ತಾಗಬಾರದು. ಅದೂ ನಿಯಮ."

ದೊಡ್ಡಣ್ಣ ಮೊಳೆ ಹೊಡೆದರು. ಎರಡು ಏಟಿಗೆ ಹೋಗುವ ಮೊಳೆಗೆ ಐದು ಏಟು ಹಾಕಿದರು.

ಸೋಮವಾರ ಮಕ್ಕಳು ಸಾಲಾಗಿ ನಿಂತವು. ಮೊದಲು ಒಳಗೆ ಬಂದವಳು ಜೀರುಂಡೆ. ಪರದೆಯ ಹಿಂದೆ ಬಹಳ ಹೊತ್ತು ಸರಬರ ಸದ್ದಾಯಿತು.

"ಅತ್ತೇ, ಇಲ್ಲಿ ಏನ್ ಮಾಡ್ತಾರೆ?"

"ತಪ್ಪು ಹೇಳ್ಕೋತಾರೆ."

"ಆಮೇಲೆ?"

"ಆಮೇಲೆ ಎದ್ದು ಮನೆಗೆ ಹೋಗ್ತಾರೆ."

"ಹೊಡೆಯಲ್ವಾ?"

"ಇಲ್ಲ."

ಆಮೇಲೆ ಬೀದಿಯವರೆಗೂ ಕೇಳುತ್ತಿದ್ದ ಆ ದನಿ ಪಿಸುದನಿಯಾಗಿ ಬಂತು. "ಹಂಗಾದ್ರೆ ಹೇಳ್ತೀನಿ. ನಂಗೆ ಓದೋಕೆ ಬರಲ್ಲ."

"ಗೊತ್ತು."

"ಯಾರು ಹೇಳಿದ್ದು?"

"ನೀನೇ. ದಿನಾ ಮೂರು ಗಂಟೆಗೆ ಕೂಗಿ ಹೇಳ್ತಿದ್ದೆ. ಪುಸ್ತಕ ತೆಗಿ."

ಜೀರುಂಡೆಗೆ ಅಕ್ಷರಗಳು ಗೊತ್ತಿರಲಿಲ್ಲವೆಂದಲ್ಲ, ಅರ್ಧಕ್ಕರ್ಧ ಗೊತ್ತಿದ್ದವು. ಅವಳ ಕಷ್ಟ ಬೇರೆ. ಪದದ ಮೊದಲ ಅಕ್ಷರ ಕಂಡದ್ದೇ ತಡ, ಉಳಿದದ್ದನ್ನು ತಾನೇ ಕಟ್ಟಿಬಿಡುತ್ತಿದ್ದಳು. 'ಮರ' ಎಂದಿದ್ದರೆ 'ಮನೆ'. 'ಮನೆ' ಎಂದಿದ್ದರೆ 'ಮದುವೆ'. ಅವಳು ಓದಿದರೆ ಪ್ರತಿಯೊಂದು ಪಾಠದಲ್ಲೂ ಎರಡು ಮೂರು ಮದುವೆಗಳಾಗುತ್ತಿದ್ದವು. ಅವಳು ಅಂದಾಜಿಗೆ ಇಳಿದಾಗಲೆಲ್ಲ ಅತ್ತೆ ಪೆನ್ಸಿಲಿನಿಂದ ಜಾಲರಿಗೆ ಟಕ್ಕೆಂದು ಒಮ್ಮೆ ತಟ್ಟುವಳು. ತಟ್ಟಿದರೆ ನಿಲ್ಲಬೇಕು, ಹಿಂದಕ್ಕೆ ಹೋಗಬೇಕು, ಕಣ್ಣಿಟ್ಟು ನೋಡಬೇಕು. ಮೊದಲ ವಾರ ಹೊರಗೆ ಕೇಳಿದವರು ಒಳಗೆ ಯಾರೋ ಬಡಗಿ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡರು.

ಐದು ವಾರ ಕಳೆಯಿತು. ಆರು ಮಕ್ಕಳು ಓದತೊಡಗಿದವು, ಆಮೇಲೆ ಎಂಟು. ಜೀರುಂಡೆಯ ಪೆನ್ಸಿಲ್ ಏಟುಗಳು ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ತನಗಿಂತ ಒಂದು ಗೇಣು ಗಿಡ್ಡವಿರುವ ಮಕ್ಕಳು ಹೊಸ ಪುಸ್ತಕ ಹಿಡಿದು ಬೀಗುವುದನ್ನು ಅವಳು ನೋಡಿದಳು. ಆರನೆಯ ವಾರದ ಗುರುವಾರ ಅವಳು ಬರಲಿಲ್ಲ.

ಅವತ್ತು ಮಕ್ಕಳೆಲ್ಲ ಮುಗಿಸಿ ಹೋದ ಮೇಲೆ, ಅತ್ತೆ ಇನ್ನೂ ಐದು ನಿಮಿಷ ನೋಡೋಣ ಎಂದು ಗೂಡಿನಲ್ಲೇ ಕೂತಿದ್ದಳು. ಪರದೆ ಸರಿಯಿತು. ಮೊಣಕಾಲ ಹಲಗೆ ಕಿರುಗುಟ್ಟಿತು, ಮಕ್ಕಳಿಗೆ ಕಿರುಗುಟ್ಟುವ ಹಲಗೆ ಅಲ್ಲ ಅದು. ಹೊಸದಾಗಿ ಕೊಯ್ದ ಮರದ ವಾಸನೆ ಬಂತು.

ಅತ್ತೆ ಪೆನ್ಸಿಲ್ಲನ್ನು ತೊಡೆಯ ಮೇಲಿಟ್ಟಳು. ನಿಯಮ ನಿಯಮವೇ.

"ಯಾವ ಪುಟ?" ಎಂದಳು.

"ಮೊದಲನೇದು" ಎಂದಿತು ಒಂದು ದಪ್ಪ ದನಿ.

"ಯಾವ ಕ್ಲಾಸು?"

"ಯಾವ ಕ್ಲಾಸಿಗೂ ಸೇರಿಸ್ಲಿಲ್ಲ."

"ಯಾಕೆ?"

"ಕೆಲಸಕ್ಕೆ ಬರ್ತಿದ್ದೆ." ಹಾಳೆ ಮಗುಚುವ ಸದ್ದಾಯಿತು. "ಮನೇಲಿ ಇನ್ನೊಬ್ಬಳಿದ್ಲು. ಅವಳು ಓದಿದ್ಲು. ಚೆನ್ನಾಗೇ ಓದಿದ್ಲು, ಅದಕ್ಕೇನೂ ಬೇಜಾರಿಲ್ಲ."

ಅತ್ತೆ ಪೆನ್ಸಿಲ್ಲನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಶುರು ಮಾಡಿ" ಎಂದಳು.

"ಇದು ಆನೆ."

"ಚಿತ್ರ ಬೇಡ. ಅಕ್ಷರ."

"ಅಕ್ಷರ ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದು ದನಿ ಸ್ವಲ್ಪ ಜಬರಿಸಿತು. ಆಮೇಲೆ ನೆನಪಾಗಿ ತಗ್ಗಿತು. "ಅ" ಎಂದಿತು. "ಆ."

ರಾತ್ರಿ ಊಟಕ್ಕೆ ಕೂತಾಗ ಅಣ್ಣ ತಂಗಿ ಈ ವಿಷಯ ಆಡಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದರು ಅಣ್ಣ. ಹಾಕಿಕೋ ಎಂದಳು ತಂಗಿ.

ಶುಕ್ರವಾರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಜೀರುಂಡೆ. ಒಳಗೆ ಬಂದವಳೇ ಜಾಲರಿಗೆ ಬಾಯಿ ಹಚ್ಚಿದಳು.

"ಅತ್ತೇ, ನಿನ್ನೆ ನಾನು ಕಂಬದ ಹಿಂದೆ ಇದ್ದೆ. ಒಳಗೆ ಬರೋಣ ಅಂತ ಬಂದೆ, ಪರದೆ ಕೆಳಗೆ ಎರಡು ದೊಡ್ಡ ಬೂಟು ಕಾಣಿಸ್ತು. ಯಾರದು?"

"ಅದನ್ನ ಕೇಳೋ ಹಾಗಿಲ್ಲ."

"ಅಷ್ಟು ದೊಡ್ಡೋರು ಅ ಆ ಹೇಳ್ತಿದ್ರು!"

"ಹೂಂ."

"ತಡವರಿಸ್ಕೊಂಡು ತಡವರಿಸ್ಕೊಂಡು ಹೇಳ್ತಿದ್ರು. ನಾಚ್ಕೆ ಇಲ್ವಾ ಅವರಿಗೆ?"

"ಇದೆ. ಆದ್ರೂ ಬಂದ್ರು."

ಜೀರುಂಡೆ ಲೆಕ್ಕ ಹಾಕಿದಳು. "ನಾನು ಅವರಿಗಿಂತ ಎಷ್ಟೋ ಮುಂದೆ ಇದೀನಿ ಅಲ್ವಾ?"

"ಇವತ್ತಿಗೆ ಮುಂದೆ ಇದೀಯ. ಅವರು ನಾಳೇನೂ ಬರ್ತಾರೆ."

"ನಾಳೆ ಶನಿವಾರ. ನಾಳೆ ಫಾದರ್‌ದು" ಎಂದು ಜೀರುಂಡೆ ತಿದ್ದಿದಳು. ಪುಸ್ತಕ ಬಿಡಿಸಿದಳು. ಅವತ್ತು ಪುಟ ಮುಗಿಯುವಷ್ಟರಲ್ಲಿ ಒಂದು ಮದುವೆಯೂ ಆಗಲಿಲ್ಲ.

ಮುಂದಿನ ವಾರ ದೊಡ್ಡಣ್ಣ ಫಾದರ್ ಹತ್ತಿರ ಇನ್ನೊಂದು ಕಾಗದ ಬರೆಸಿದರು. ಹಿಂದೆ ಹನ್ನೊಂದು ಎಂದದ್ದು ಒಂದು ಎಂದು ಓದಿಕೊಳ್ಳಬೇಕು, ಉಳಿದ ಹತ್ತು ಈಗ ನಡೆಯುತ್ತಿದೆ. ಕಾಗದ ಮುಗಿದ ಮೇಲೆ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕದ ಮಾತೆತ್ತದೆ, ಬಹಳ ಹೊತ್ತು ನೋಡಿದರು. 'ಹತ್ತು' ಎಂಬಲ್ಲಿ ಬೆರಳಿಟ್ಟು, "ಇದು ಹತ್ತು ತಾನೇ?" ಎಂದರು. ಹೌದು ಎಂದರು ಫಾದರ್. ದೊಡ್ಡಣ್ಣ ರುಜು ಹಾಕಿದರು.

ಪರೀಕ್ಷೆಗೆ ಒಂದು ದಿನ ಮುಂಚೆ ಹೆಡ್ ಮೇಡಂ ಮಕ್ಕಳನ್ನು ಶಾಲೆಯಲ್ಲೇ ಕುರ್ಚಿ ಮೇಲೆ ಕೂರಿಸಿ ಓದಿಸಿ ನೋಡಿದರು. ದರ್ಜಿಯ ಮಗಳೊಬ್ಬಳನ್ನು ಬಿಟ್ಟರೆ ಒಂದು ಮಗುವಿನ ಬಾಯಲ್ಲೂ ಸದ್ದಿಲ್ಲ. ಅವರು ಬಾಗಿಲ ಚಿಲಕ ಬಡಿದು ಅತ್ತೆಯನ್ನು ಕರೆಸಿದರು. ಅತ್ತೆ ನೋಡಿದಳು, ಅವಳಿಗೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ದರ್ಜಿಯ ಮಗಳ ಪಕ್ಕದ ಪುಟ್ಟ ಹುಡುಗಿ ಕುರ್ಚಿಯಿಂದಿಳಿದು, ನೆಲಕ್ಕೆ ಮೊಣಕಾಲೂರಿ, ಕುರ್ಚಿಯ ಮೇಲೆ ಪುಸ್ತಕವಿಟ್ಟು ಗಡ ಗಡ ಓದಿದಳು. ಒಂಬತ್ತು ವಾರದಲ್ಲಿ ಚರ್ಚಿನವರು ಮಕ್ಕಳಿಗೆ ಓದುವುದನ್ನು ಕಲಿಸಿದ್ದರು. ಮೊಣಕಾಲ ಮೇಲೆ ಕಲಿಸಿದ್ದರು. ನಿಂತು ಓದಬಹುದು, ಕೂತೂ ಓದಬಹುದು ಎಂದು ಹೇಳಲು ಯಾರಿಗೂ ಹೊಳೆದಿರಲಿಲ್ಲ.

"ಇನ್ನು ಒಂದು ರಾತ್ರೀಲಿ ಕೂರೋದು ಕಲಿಸೋಕಾಗತ್ತಾ?" ಎಂದರು ಹೆಡ್ ಮೇಡಂ.

"ಬೇಡ ಮೇಡಂ" ಎಂದಳು ಅತ್ತೆ. "ಮೊಣಕಾಲನ್ನ ಅಲುಗಾಡಿಸಿದ್ರೆ ಓದೂ ಹೋಗತ್ತೆ."

ಪರೀಕ್ಷಕರು ಸಣಕಲು ಮನುಷ್ಯ, ಕಂಕುಳಲ್ಲಿ ಫೈಲು. ಮೊದಲ ಮಗು ಮೇಜಿನ ಮುಂದೆ ಮೊಣಕಾಲೂರಿದಾಗ ಏನೋ ಬಿದ್ದಿದೆ, ಹುಡುಕುತ್ತಿದೆ ಎಂದುಕೊಂಡು ತಾವೂ ಬಗ್ಗಿ ನೋಡಿದರು. ಎರಡನೆಯ ಮಗುವೂ ಮೊಣಕಾಲೂರಿದ ಮೇಲೆ ಪೆನ್ನು ಕೆಳಗಿಟ್ಟರು.

"ಏನು ಮೇಡಂ ಇದು? ನಾನೇನು ದೇವರಾ?"

"ಅಲ್ಲ ಸಾರ್. ಮಕ್ಕಳಿಗೆ ಅದು ಗೊತ್ತಿದೆ."

ಪರೀಕ್ಷಕರು ನಿಯಮದ ಪುಸ್ತಕ ತೆಗೆದು ಮೂರು ಪುಟ ಓದಿದರು. ಪುಟ ಹೊಸದಾಗಿರಬೇಕು ಎಂದಿತ್ತು, ಮಗು ಒಂಟಿಯಾಗಿ ಓದಬೇಕು ಎಂದಿತ್ತು. ಮೊಣಕಾಲಿನ ಬಗ್ಗೆ ಏನೂ ಇರಲಿಲ್ಲ. "ಸರಿ, ಮುಂದಿನವರು" ಎಂದರು.

ಹತ್ತು ಮಕ್ಕಳು ಮುಗಿಸಿ ಹೊರಬಂದವು. ಹತ್ತೂ ಓದಿದ್ದವು. ಹೊರಗೆ ಜಗಲಿಯಲ್ಲಿ ಜೀರುಂಡೆಯ ತಾಯಿ ಲಾಂಡ್ರಿಯಿಂದ ಅರ್ಧ ಗಂಟೆ ಬಿಡುವು ಕೇಳಿಕೊಂಡು ಬಂದು ನಿಂತಿದ್ದಳು. ಅವಳ ಪಕ್ಕದಲ್ಲಿ ಅತ್ತೆ, ಕಿಟಕಿಗೆ ಬೆನ್ನು ಹಾಕಿ. ಅವಳಿಗೆ ಕೇಳುವುದಕ್ಕೆ ಹಾಗೇ ಅಭ್ಯಾಸ.

"ಯಾಕಮ್ಮ ಆ ಕಡೆ ತಿರುಗಿದೀರಿ? ಒಳಗೆ ಹೋದ್ಲು" ಎಂದಳು ತಾಯಿ.

"ಗೊತ್ತು. ಸುಮ್ನಿರಿ."

ಒಳಗೆ ಜೀರುಂಡೆ ಮೊಣಕಾಲೂರಿದಳು. ಆ ಎತ್ತರಕ್ಕೆ ಮೇಜು ಅವಳಿಗೆ ಸರಿಯಾಗಿತ್ತು. ಪರೀಕ್ಷಕರು ಒಂದು ಪುಸ್ತಕವನ್ನು ನಡುವೆ ಬಿಡಿಸಿ ಕೊಟ್ಟರು. ಸೇತುವೆ ಕಟ್ಟುವುದು ಹೇಗೆ ಎಂಬ ಪಾಠ.

ಈಗ ಯಾರೂ ಶುರುಮಾಡಿಕೊಡುವವರಿರಲಿಲ್ಲ. ಅತ್ತೆಯ ಬೆರಳುಗಳು ಸೆರಗಿನ ಅಂಚನ್ನು ಸುತ್ತಿದವು, ಬಿಚ್ಚಿದವು.

"ನ... ನದಿಯ" ಎಂದಿತು ದನಿ. "ನದಿಯ ಆಳ ನೋಡದೆ ಸೇತುವೆಗೆ ಕಲ್ಲು ಹಾಕಬಾರದು."

ದೊಡ್ಡ ದನಿಯಲ್ಲ ಅದು. ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ ಒಂದೊಂದೇ ಪದದ ಮೇಲೆ ಕಾಲಿಟ್ಟು, ಭಾರ ಬಿಟ್ಟು ನೋಡಿ, ಮುಂದಿನದಕ್ಕೆ ಹೋಗುತ್ತಿತ್ತು. 'ಮ' ಎಂಬ ಅಕ್ಷರದ ಮುಂದೆ ಒಮ್ಮೆ ನಿಂತಿತು. ಎಲ್ಲಿಂದಲೂ ಟಕ್ಕೆಂಬ ಸದ್ದು ಬರಲಿಲ್ಲ. "ಮರಳು" ಎಂದು ಓದಿ ಮುಂದೆ ಹೋಯಿತು. ಒತ್ತಕ್ಷರಗಳಲ್ಲಿ ಎರಡು ಸಲ ಎಡವಿ ಎರಡು ಸಲವೂ ತಾನೇ ಎದ್ದಿತು. ಪುಟದ ಕೆಳಗಿನ ಸಾಲಿಗೆ ಬಂದಿತು.

"'ಹಳೆಯ ಕಾಲದಲ್ಲಿ ಸೇತುವೆಯ ಮೇಲೆ ಮೊದಲ ಗಾಡಿ ಹೋಗುವಾಗ, ಅದನ್ನು ಕಟ್ಟಿದವನು...'"

"ಸಾಕಮ್ಮ" ಎಂದರು ಪರೀಕ್ಷಕರು. ಪುಟ ಅಲ್ಲಿಗೆ ಮುಗಿದಿತ್ತು. ಅವರು ಆಗಲೇ ಪಟ್ಟಿಯಲ್ಲಿ ಗುರುತು ಹಾಕಿಬಿಟ್ಟಿದ್ದರು. "ಪುಟ ಮುಗೀತು, ಏಳು."

"ಪುಟ ಮುಗೀತು ಸಾರ್. ಮಾತು ಮುಗಿದಿಲ್ಲ."

"ಒಂದು ಪುಟ ಅಂತ ನಿಯಮ ಇರೋದು."

"ಅವನೇನಾದ ಅಂತ ಗೊತ್ತಾಗಬೇಡ್ವಾ ಸಾರ್?"

ಜೀರುಂಡೆ ಕೇಳದೆಯೇ ಹಾಳೆ ಮಗುಚಿದಳು, ಮೇಲಿನ ಸಾಲಿಗೆ ಬೆರಳಿಟ್ಟಳು.

"'ಅದರ ಕೆಳಗೆ ನಿಂತಿರಬೇಕಾಗಿತ್ತು'" ಎಂದು ಓದಿ ಮುಗಿಸಿ, ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದು ನಿಂತಳು.